ಪರ್ವತದ ಏಳಿಗೆ, ಮೆಕ್ಕಲಿನ ಮಾತು: ಹಿಮಾಲಯದ 'ಭೂಪುರಾಣ' ವ್ಯಾಖ್ಯಾನಗಳ ಒಂದು ವಿಮರ್ಶೆ

೧

ಪರ್ವತ ಹೇಗೆ ಎದ್ದಿತು, ನದಿ ಎಲ್ಲಿಂದ ಇಳಿಯಿತು, ಸಮುದ್ರ ಹೇಗೆ ತುಂಬಿತು ಎಂಬ ಪ್ರಶ್ನೆಗಳಿಗೆ ಕಥೆಯ ಮೂಲಕ ಉತ್ತರ ಹೇಳಿಕೊಳ್ಳದ ಜನಸಮುದಾಯ ವಿರಳ. ಜಾನಪದ ಅಧ್ಯಯನವು ಇಂಥ ಕಥನಗಳನ್ನು ಪುರಾಣ, ಐತಿಹ್ಯ, ಸ್ಥಳಕಥೆ ಎಂದು ವಿಂಗಡಿಸಿ ಅವುಗಳ ರಚನೆ, ಆಶಯ ಮತ್ತು ಸಾಮಾಜಿಕ ಕಾರ್ಯಗಳನ್ನು ವಿವೇಚಿಸುತ್ತ ಬಂದಿದೆ. ೧೯೬೮ರಲ್ಲಿ ಅಮೆರಿಕದ ಭೂವಿಜ್ಞಾನಿ ಡೊರೊತಿ ವಿಟಾಲಿಯಾನೊ ಇದೇ ಕಥನಗಳ ಮುಂದೆ ಬೇರೊಂದು ಪ್ರಶ್ನೆಯನ್ನಿಟ್ಟರು. ಇವುಗಳ ಹಿಂದೆ ನಿಜಕ್ಕೂ ನಡೆದ ಭೂಘಟನೆಗಳಿರಬಹುದೇ ಎಂಬುದೇ ಆ ಪ್ರಶ್ನೆ. ಅವರು ಸೂಚಿಸಿದ ಅಧ್ಯಯನ ಕ್ರಮವನ್ನು ಕನ್ನಡದಲ್ಲಿ 'ಭೂಪುರಾಣ ಅಧ್ಯಯನ' ಎಂದು ಕರೆಯಬಹುದು. ೧೯೭೩ರಲ್ಲಿ ಪ್ರಕಟವಾದ ಅವರ 'ಲೆಜೆಂಡ್ಸ್ ಆಫ್ ದಿ ಅರ್ತ್' ಗ್ರಂಥ ಈ ಕ್ರಮಕ್ಕೆ ಒಂದು ನೆಲೆಯನ್ನು ಒದಗಿಸಿತು.

ವಿಟಾಲಿಯಾನೊ ಎರಡು ಬಗೆಯ ಕಥನಗಳನ್ನು ಬೇರ್ಪಡಿಸಿದ್ದರು ಎಂಬುದನ್ನು ಮೊದಲೇ ಗಮನಿಸಬೇಕು. ಕಣ್ಣೆದುರಿನ ಭೂರೂಪವೊಂದಕ್ಕೆ ಕಾರಣ ಕಲ್ಪಿಸುವ ಕಥೆ ಒಂದು ಬಗೆ. ಜನರು ಕಂಡು ಅನುಭವಿಸಿದ ಭೂಘಟನೆಯೊಂದರ ಮಸುಕಾದ ನೆನಪು ಇನ್ನೊಂದು ಬಗೆ. ಅಮೆರಿಕದ ಆರೆಗಾನ್ ಪ್ರದೇಶದ ಕ್ಲಾಮತ್ ಬುಡಕಟ್ಟಿನವರು ಹೇಳುವ, ಪರ್ವತದೊಳಗಿನ ದೇವತೆ ಬೆಂಕಿ ಕಾರಿ ಕುಸಿದುಹೋದ ಕಥೆಯನ್ನು ಎರಡನೆಯ ಬಗೆಗೆ ಉದಾಹರಣೆಯಾಗಿ ಕೊಡುವುದುಂಟು. ಆ ಜ್ವಾಲಾಮುಖಿ ಸುಮಾರು ೭,೭೦೦ ವರ್ಷಗಳ ಹಿಂದೆ ಸಿಡಿದಾಗ ಅಲ್ಲಿ ಮನುಷ್ಯರಿದ್ದರು. ಆದ್ದರಿಂದ ಆ ವ್ಯಾಖ್ಯಾನಕ್ಕೆ ಕನಿಷ್ಠ ಸಾಧ್ಯತೆಯ ಆಧಾರವಾದರೂ ಇದೆ.

ಭಾರತದ ಪುರಾಣಗಳಿಗೆ ಈ ಕ್ರಮವನ್ನು ಅನ್ವಯಿಸುವ ಜನಪ್ರಿಯ ಬರಹಗಳಲ್ಲಿ ಈ ಭೇದವೇ ಅಳಿಸಿಹೋಗುತ್ತದೆ. ಗಂಗಾವತರಣ, ಸಗರಪುತ್ರರು ಭೂಮಿಯನ್ನು ಅಗೆದದ್ದು, ಕೂರ್ಮವು ಮಂದರವನ್ನು ಹೊತ್ತದ್ದು, ಪರಶುರಾಮನು ಕಡಲನ್ನು ಹಿಂದೆ ಸರಿಸಿದ್ದು ಇವೆಲ್ಲವನ್ನೂ ಪರ್ವತ ಹುಟ್ಟಿದ, ಕಡಲು ತುಂಬಿದ ಕಾಲದ ಸ್ಮೃತಿಯೆಂದು ಓದುವ ರೂಢಿ ಬೆಳೆದಿದೆ. ಈ ರೂಢಿಯನ್ನು ಪರೀಕ್ಷಿಸಲು ಹಿಮಾಲಯ ಮತ್ತು ಅದರ ಅಡಿಯ ಬಯಲುಗಳಿಗಿಂತ ತಕ್ಕ ನಿದರ್ಶನ ಬೇರೊಂದಿಲ್ಲ. ಭೂಕಂಪ, ಜ್ವಾಲಾಮುಖಿಗಳು ಮನುಷ್ಯನ ಆಯುಷ್ಯದೊಳಗೆ ನಡೆದುಹೋಗುವಂಥವು. ಪರ್ವತದ ಏಳಿಗೆ ಕೋಟ್ಯಂತರ ವರ್ಷಗಳ ವ್ಯಾಪಾರ, ಅದನ್ನು ಕಂಡವರಿಲ್ಲ. ಹಾಗಾದರೆ ಪರ್ವತದ ಅಡಿಯಲ್ಲಿ ಬಾಳಿದ ಜನರಿಗೆ ಆ ವ್ಯಾಪಾರದ ಬಗ್ಗೆ ಯಾವ ತಿಳಿವಳಿಕೆಯೂ ಇರಲಿಲ್ಲವೇ? ಇತ್ತು. ಆದರೆ ಅದು ವಿದ್ವಾಂಸರು ಹುಡುಕಿದ ಜಾಗದಲ್ಲಿರಲಿಲ್ಲ. ಅದು ಮಹಾಪುರಾಣಗಳಲ್ಲಿ ಅಲ್ಲ, ಉಳುವವರ ಮತ್ತು ದೋಣಿ ನಡೆಸುವವರ ದಿನಬಳಕೆಯ ಮಣ್ಣಿನ ಮಾತುಗಳಲ್ಲಿ ಇತ್ತು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ವ್ಯಾಖ್ಯಾನಗಳನ್ನು ತೂಗುವ ಮೊದಲು ಭೂವಿಜ್ಞಾನ ಹೇಳುವ ಸಂಗತಿಯನ್ನು ಸಂಗ್ರಹವಾಗಿ ಅರಿಯುವುದು ಅಗತ್ಯ. ಸುಮಾರು ೫ ಕೋಟಿ ವರ್ಷಗಳ ಹಿಂದೆ ಉತ್ತರಕ್ಕೆ ಸರಿಯುತ್ತಿದ್ದ ಭಾರತದ ಭೂಫಲಕವು ಏಷ್ಯಾದ ಅಂಚಿಗೆ ಡಿಕ್ಕಿ ಹೊಡೆಯಿತು. ಎರಡರ ನಡುವೆ ಇದ್ದ ಟೆಥಿಸ್ ಸಮುದ್ರ ಮುಚ್ಚಿಹೋಗಿ, ಅದರ ತಳದ ಪದರಗಳು ಮಡಿಕೆ ಬಿದ್ದು, ಒಂದರ ಮೇಲೊಂದು ಹತ್ತಿ, ಸುಮಾರು ೨,೪೦೦ ಕಿಲೋಮೀಟರು ಉದ್ದದ ಪರ್ವತಮಾಲೆಯಾದವು. ಇಷ್ಟು ಶಾಲಾಪಠ್ಯದಲ್ಲಿಯೂ ಇದೆ. ಪಠ್ಯಗಳು ಸಾಮಾನ್ಯವಾಗಿ ಬಿಟ್ಟುಬಿಡುವುದು ಮುಂದಿನ ಅರ್ಧವನ್ನು.

ಪರ್ವತಕ್ಕೆ ಭಾರವಿದೆ. ಅದರ ಭಾರಕ್ಕೆ ಕೆಳಗಿನ ಭೂಫಲಕ ಬಾಗುತ್ತದೆ. ಹಲಗೆಯೊಂದರ ತುದಿಯಲ್ಲಿ ಮೂಟೆಯನ್ನು ಪೇರಿಸಿದಂತೆ ಆ ಬಾಗುವಿಕೆಯು ಮೂಟೆಯ ಅಡಿಗಷ್ಟೇ ನಿಲ್ಲದೆ ಅದರ ಮುಂದಕ್ಕೂ ಚಾಚುತ್ತದೆ. ಹೀಗೆ ಪರ್ವತದ ಮುಂದೆ, ಅದಕ್ಕೆ ಸಮಾನಾಂತರವಾಗಿ, ಒಂದು ಉದ್ದನೆಯ ತಗ್ಗು ಹುಟ್ಟುತ್ತದೆ. ಪರ್ವತವನ್ನು ಕೊರೆಯುವ ನದಿಗಳು ತಂದ ಕಲ್ಲು, ಮರಳು, ಕೆಸರು ಆ ತಗ್ಗನ್ನು ತುಂಬುತ್ತವೆ. ತುಂಬಿದ ಮೆಕ್ಕಲಿನ ಭಾರದಿಂದ ತಗ್ಗು ಇನ್ನಷ್ಟು ಕುಸಿದು ಮತ್ತಷ್ಟು ಮೆಕ್ಕಲಿಗೆ ಜಾಗ ಮಾಡಿಕೊಡುತ್ತದೆ. ಸಪಾಟಾಗಿ ಕಾಣುವ ಗಂಗಾ ಬಯಲು ಇಂಥ ತುಂಬಿದ ತಗ್ಗು. ದಕ್ಷಿಣದಲ್ಲಿ ವಿಂಧ್ಯದ ಕಡೆ ಅದರ ಮೆಕ್ಕಲು ತೆಳು. ಉತ್ತರಕ್ಕೆ ಹೋದಂತೆ ಆಳವಾಗುತ್ತ ಹಿಮಾಲಯದ ಪಾದದ ಬಳಿ ಕೆಲವೆಡೆ ನಾಲ್ಕೈದು ಕಿಲೋಮೀಟರು ದಪ್ಪವಾಗುತ್ತದೆ. ಕನ್ನಡ ನಾಡಿನ ಬಂಡೆಗಳು ನಿಂತಿರುವುದೂ ಇದೇ ಭಾರತೀಯ ಭೂಫಲಕದ ಮೇಲೆ. ಅದರ ಬಡಗಣ ಅಂಚು ಆ ಮೆಕ್ಕಲಿನ ಅಡಿಯಲ್ಲಿ ಬಾಗಿ ಹಿಮಾಲಯದ ಕೆಳಕ್ಕೆ ಸರಿದಿದೆ.

ಈ ತಿಳಿವಳಿಕೆ ಬೆಳೆದ ಬಗೆಯೂ ಸ್ವಾರಸ್ಯಕರ. ಜಾರ್ಜ್ ಎವರೆಸ್ಟರ ಮೋಜಣಿಯಲ್ಲಿ ಕಲ್ಯಾಣ ಮತ್ತು ಕಲ್ಯಾಣಪುರ ಎಂಬ ಎರಡು ಕೇಂದ್ರಗಳ ನಡುವಣ ಅಳತೆಯಲ್ಲಿ ಕೋನಮಾನದ ೫.೨೩೬ ಸೆಕೆಂಡಿನಷ್ಟು ವ್ಯತ್ಯಾಸ ಕಂಡುಬಂದಿತ್ತು. ಹಿಮಾಲಯದ ಸೆಳೆತಕ್ಕೆ ತೂಗುಗುಂಡು ವಾಲುವುದೇ ಇದಕ್ಕೆ ಕಾರಣವೆಂದು ಊಹಿಸಿದ ಜಾನ್ ಹೆನ್ರಿ ಪ್ರಾಟ್ ೧೮೫೫ರಲ್ಲಿ ಲೆಕ್ಕ ಹಾಕಿದಾಗ ಬಂದ ಉತ್ತರ ೧೫.೮೮೫ ಸೆಕೆಂಡು. ಪರ್ವತವು ತನ್ನ ಗಾತ್ರಕ್ಕೆ ತಕ್ಕಷ್ಟು ಸೆಳೆಯುತ್ತಿರಲಿಲ್ಲ! ಅದೇ ವರ್ಷ ಜಾರ್ಜ್ ಏರಿ ಪರ್ವತಕ್ಕೆ ಕೆಳಗೆ ಹಗುರವಾದ ಬೇರೊಂದು ಇರಬೇಕೆಂದು ವಿವರಿಸಿದರು. ೧೯೧೭ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಆರ್. ಡಿ. ಓಲ್ಡ್‌ಹ್ಯಾಮ್ ಈ ಬಗೆಯ ಅಳತೆಗಳನ್ನೇ ಆಧರಿಸಿ ಹಿಮಾಲಯ ಮತ್ತು ಗಂಗಾ ಬಯಲಿನ ಒಳರಚನೆಯನ್ನು ಚರ್ಚಿಸಿದರು. ಬೆಟ್ಟ ಮತ್ತು ಬಯಲು ಎರಡು ಬೇರೆ ಭೂರೂಪಗಳಲ್ಲ, ಒಂದೇ ಕ್ರಿಯೆಯ ಎರಡು ಮುಖಗಳು ಎಂಬ ತಿಳಿವು ಹೀಗೆ ಗಟ್ಟಿಗೊಂಡಿತು.

ಕ್ರಿಯೆ ಅಲ್ಲಿಗೂ ನಿಲ್ಲುವುದಿಲ್ಲ. ಒತ್ತಡ ದಕ್ಷಿಣಕ್ಕೆ ಹರಡಿದಂತೆ ಹಿಂದೆ ತಗ್ಗಿನಲ್ಲಿ ಬಿದ್ದಿದ್ದ ಮೆಕ್ಕಲೇ ಮಡಿಚಿ ಮೇಲೆದ್ದು ಬೆಟ್ಟವಾಗುತ್ತದೆ. ಶಿವಾಲಿಕ್ ಬೆಟ್ಟಗಳು ಹಾಗೆ ಎದ್ದವು. ಅವುಗಳ ಪದರಗಳಲ್ಲಿ ಕೆಳಗಿನಿಂದ ಮೇಲಕ್ಕೆ ಹೋದಂತೆ ನುಣ್ಣನೆಯ ಜೇಡಿ ಮತ್ತು ಮರಳುಗಲ್ಲುಗಳ ಬದಲು ಉರುಟು ಕಲ್ಲುಗಳ ರಾಶಿ ಹೆಚ್ಚುತ್ತದೆ. ಪರ್ವತದ ಅಂಚು ಹತ್ತಿರ ಹತ್ತಿರ ಬಂದದ್ದರ ಲೆಕ್ಕ ಅದು. ಬಯಲಿನಲ್ಲಿ ಉಳಿಯದ ಮೆಕ್ಕಲನ್ನು ಗಂಗಾ ಮತ್ತು ಬ್ರಹ್ಮಪುತ್ರ ನದಿಗಳು ಕಡಲಿನತ್ತ ಒಯ್ಯುತ್ತವೆ. ಇವೆರಡೂ ವರ್ಷಕ್ಕೆ ಸುಮಾರು ೧೦೦ ಕೋಟಿ ಟನ್ ಗಸಿಯನ್ನು ಹೊರುತ್ತವೆಂದು ಅಂದಾಜು. ಬಂಗಾಳ ಕೊಲ್ಲಿಯ ತಳದಲ್ಲಿ ಅದು ಸುಮಾರು ೩,೦೦೦ ಕಿಲೋಮೀಟರು ಉದ್ದಕ್ಕೆ, ಸಮಭಾಜಕವೃತ್ತದ ಆಚೆಯವರೆಗೆ, ಬೀಸಣಿಗೆಯಾಕಾರದಲ್ಲಿ ಹರಡಿದೆ. ೧೯೮೭ ಮತ್ತು ೨೦೧೫ರಲ್ಲಿ ಅಂತರರಾಷ್ಟ್ರೀಯ ನೌಕಾಯಾನಗಳು ಅಲ್ಲಿ ಕೊರೆದು ತೆಗೆದ ಮೆಕ್ಕಲಿನ ಕಂಬಗಳಲ್ಲಿ ಹಿಮಾಲಯದ ಸವೆತದ ಚರಿತ್ರೆಯನ್ನು ಓದಲಾಗುತ್ತಿದೆ. ಸವೆದುಹೋದ ಶಿಖರ ತನ್ನ ಚರಿತ್ರೆಯನ್ನು ತಾನು ಇಟ್ಟುಕೊಳ್ಳುವುದಿಲ್ಲ. ಅದು ಉಳಿಯುವುದು ನೆರೆಯ ತಗ್ಗಿನಲ್ಲಿ.

೩

ಈ ಹಿನ್ನೆಲೆಯಲ್ಲಿ ಸಗರ–ಭಗೀರಥರ ಕಥೆಯನ್ನು ನೋಡಬಹುದು. ಮಹಾಭಾರತದ ವನಪರ್ವದಲ್ಲಿ ಅಗಸ್ತ್ಯನು ಸಮುದ್ರವನ್ನು ಕುಡಿದು ಬರಿದು ಮಾಡುತ್ತಾನೆ. ಸಗರನ ಅರುವತ್ತು ಸಾವಿರ ಮಕ್ಕಳು ಯಜ್ಞಾಶ್ವವನ್ನು ಹುಡುಕುತ್ತ ಭೂಮಿಯನ್ನು ಅಗೆದು ಕಪಿಲನ ಕೋಪಕ್ಕೆ ಬೂದಿಯಾಗುತ್ತಾರೆ. ಭಗೀರಥನು ತಂದ ಗಂಗೆಯಿಂದ ಬರಿದಾದ ಕಡಲು ತುಂಬುತ್ತದೆ. ಪರ್ವತದಿಂದ ಇಳಿದ ನದಿ, ಅಗೆದ ತಗ್ಗು, ತುಂಬಿದ ಕಡಲು ಈ ಮೂರೂ ಕಥೆಯಲ್ಲಿವೆ. ಪರ್ವತದ ಮುಂದೆ ತಗ್ಗು ಹುಟ್ಟಿ ನದಿಯಿಂದ ತುಂಬಿದ ವೃತ್ತಾಂತವೇ ಇದು ಎಂದು ಭೂಪುರಾಣವಾದಿ ಹೇಳಿದರೆ ಮೊದಲ ಕೇಳಿಕೆಗೆ ಒಪ್ಪಿತವೆನಿಸುತ್ತದೆ.

ಆದರೆ ಪಠ್ಯದ ಹತ್ತಿರ ಹೋದಂತೆ ಹೋಲಿಕೆ ಸಡಿಲವಾಗುತ್ತದೆ. ಕಥೆಯಲ್ಲಿ ಗಂಗೆ ಕಡಲನ್ನು ತುಂಬುವುದು ನೀರಿನಿಂದ. ಭೂವಿಜ್ಞಾನದಲ್ಲಿ ನದಿ ತಗ್ಗನ್ನು ತುಂಬುವುದು ಮಣ್ಣಿನಿಂದ. ಹಿಮಾಲಯದ ಏಳಿಗೆಯ ಸ್ಮೃತಿಯೇ ಇದಾಗಿದ್ದರೆ, ಬಯಲನ್ನು ಕಟ್ಟಿದ ಮೆಕ್ಕಲೇ ಕಥೆಯಿಂದ ಹೇಗೆ ಬಿಟ್ಟುಹೋಯಿತು? ತಗ್ಗು ಇಲ್ಲಿ ಪರ್ವತದ ಭಾರದಿಂದ ಆದದ್ದಲ್ಲ, ಮಕ್ಕಳ ಉದ್ಧಟತನದಿಂದ ಆದದ್ದು. ಗಂಗೆ ಇಳಿದು ಬರುವುದು ಕಡಲು ತುಂಬಲೆಂದಲ್ಲ, ಬೂದಿಯಾದ ಹಿರಿಯರ ಸದ್ಗತಿಗೆಂದು. ಕಥೆಯ ಜೀವ ಇರುವುದು ಒಂದು ತಲೆಮಾರಿನ ತಪ್ಪನ್ನು ಮುಂದಿನ ತಲೆಮಾರುಗಳು ತಪಸ್ಸಿನಿಂದ ತೀರಿಸುವ ಋಣದ ಕಲ್ಪನೆಯಲ್ಲಿ. ಮಕರ ಸಂಕ್ರಾಂತಿಯಂದು ಗಂಗಾಸಾಗರದಲ್ಲಿ ಮುಳುಗುವ ಲಕ್ಷಾಂತರ ಯಾತ್ರಿಕರು ಸ್ಮರಿಸುವುದು ಅದನ್ನೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಕ್ಸ್ ಮುಲ್ಲರ್ ಆರ್ಯಭಾಷೆಗಳ ಪುರಾಣಗಳನ್ನೆಲ್ಲ ಸೂರ್ಯೋದಯ, ಸೂರ್ಯಾಸ್ತಗಳ ರೂಪಕವೆಂದು ಓದಿದರು. ಆಂಡ್ರೂ ಲ್ಯಾಂಗ್ ಅದನ್ನು ಸತತವಾಗಿ ಖಂಡಿಸಿದರು. ೧೯೫೫ರಲ್ಲಿ ರಿಚರ್ಡ್ ಡಾರ್ಸನ್ ಆ ಪಂಥದ ಏಳುಬೀಳನ್ನು 'ಸೌರಪುರಾಣವಾದಕ್ಕೆ ಹಿಡಿದ ಗ್ರಹಣ' ಎಂದು ವರ್ಣಿಸಿ ಬರೆದರು. ಯಾವ ಕಥೆಯನ್ನು ಕೊಟ್ಟರೂ ಒಂದೇ ಉತ್ತರ ಬರುವುದು ಆ ಕ್ರಮದ ದೋಷವಾಗಿತ್ತು. ಸೂರ್ಯನ ಜಾಗದಲ್ಲಿ ಭೂಫಲಕವನ್ನು ಕೂರಿಸಿದರೆ ದೋಷ ಹೋಗುವುದಿಲ್ಲ. ಕಥೆ ಹೇಳುವವರು ಯಾರು, ಕೇಳುವವರು ಯಾರು, ಯಾವ ಸಂದರ್ಭದಲ್ಲಿ ಎಂಬ ಪ್ರಶ್ನೆಗಳು ಎರಡರಲ್ಲಿಯೂ ಬಿದ್ದುಹೋಗುತ್ತವೆ.

೪

ಶಿವಾಲಿಕ್ ಬೆಟ್ಟಗಳ ಮೂಳೆಗಳ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ೧೮೩೦ರ ದಶಕದಲ್ಲಿ ಹ್ಯೂ ಫಾಲ್ಕನರ್ ಮತ್ತು ಕಾಲುವೆ ಎಂಜಿನಿಯರ್ ಪ್ರೊಬಿ ಕಾಟ್ಲಿ ಅಲ್ಲಿ ಅಪಾರ ಪಳೆಯುಳಿಕೆಗಳನ್ನು ಹೊರತೆಗೆದರು. ಜಿರಾಫೆಯ ಬಳಗಕ್ಕೆ ಸೇರಿದ ದೈತ್ಯಪ್ರಾಣಿಗೆ ಅವರು 'ಶಿವಥೀರಿಯಮ್' ಎಂದು ಶಿವನ ಹೆಸರನ್ನಿಟ್ಟರು. ಅಲ್ಲಿ ದೊರೆತ ಬೃಹತ್ ಆಮೆಯನ್ನು ಕಂಡ ಫಾಲ್ಕನರ್, ಲೋಕವನ್ನು ಹೊತ್ತ ಕೂರ್ಮದ ಕಲ್ಪನೆಗೆ ಮನುಷ್ಯರು ಕಣ್ಣಾರೆ ಕಂಡ ಇಂಥ ಪ್ರಾಣಿಯೇ ಮೂಲವಿರಬಹುದೇ ಎಂದು ಯೋಚಿಸಿದ್ದರು. ವಿಟಾಲಿಯಾನೊಗಿಂತ ಒಂದು ಶತಮಾನಕ್ಕೂ ಮುಂಚಿನ ಭೂಪುರಾಣ ವ್ಯಾಖ್ಯಾನ ಅದು. ಆ ಪದರಗಳ ವಯಸ್ಸು ಲಕ್ಷಾಂತರ, ಕೋಟ್ಯಂತರ ವರ್ಷಗಳೆಂದು ತಿಳಿದ ಮೇಲೆ ಕಣ್ಣಾರೆ ಕಂಡ ಸ್ಮೃತಿಯ ಮಾತು ನಿಲ್ಲಲಿಲ್ಲ.

ಆದರೆ ಪ್ರಾಣಿಯನ್ನು ಕಾಣುವುದು ಬೇರೆ, ಅದರ ಮೂಳೆಯನ್ನು ಕಾಣುವುದು ಬೇರೆ. ೨೦೦೦ದಲ್ಲಿ ಏಡ್ರಿಯನ್ ಮೇಯರ್ ಗ್ರೀಕ್ ಮತ್ತು ರೋಮನ್ ಲೋಕವನ್ನು ಕುರಿತು ಈ ಭೇದವನ್ನು ವಿವರವಾಗಿ ಬೆಳೆಸಿದರು. ೨೦೦೮ರಲ್ಲಿ ಅಲೆಕ್ಸಾಂಡ್ರಾ ವಾನ್ ಡೆರ್ ಗೀರ್ ಮತ್ತು ಸಂಗಡಿಗರು 'ಫೋಕ್‌ಲೋರ್' ಪತ್ರಿಕೆಯಲ್ಲಿ ಶಿವಾಲಿಕ್ ಮೂಳೆಗಳಿಗೂ ಮಹಾಭಾರತದ ಯುದ್ಧಕಥನಕ್ಕೂ ಸಂಬಂಧ ಇರಬಹುದೆಂದು ವಾದಿಸಿದರು. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕನ ಕಾಲುವೆ ಕೆಲಸದಲ್ಲಿ ಬೆಟ್ಟ ಕಡಿಯುವಾಗ ದೈತ್ಯ ಮೂಳೆಗಳು ಸಿಕ್ಕವೆಂದು ಫಿರಿಸ್ತಾನ ಚರಿತ್ರೆ ಹೇಳುತ್ತದೆ. ಆದ್ದರಿಂದ ಸ್ಥಳೀಯರು ಮೂಳೆಗಳನ್ನು ಕಂಡಿದ್ದರೆಂಬುದರಲ್ಲಿ ಸಂದೇಹವಿಲ್ಲ. ಈ ವಾದದ ಗುಣವೆಂದರೆ ಅದು ಮನುಷ್ಯನ ಕಣ್ಣಿಗೆ ಬೀಳಬಹುದಾದ ವಸ್ತುವಿನಿಂದ ಹೊರಡುತ್ತದೆ. ಕೊರತೆಯೆಂದರೆ, ಮೂಳೆ ಕಂಡವರಿಂದ ಮಹಾಕಾವ್ಯದ ಪಠ್ಯದವರೆಗಿನ ದಾರಿಯಲ್ಲಿ ಒಬ್ಬ ವಕ್ತೃವನ್ನಾದರೂ ಅದು ತೋರಿಸಲಾರದು. ಸಾಧ್ಯತೆಯನ್ನು ಸಂಬಂಧವೆಂದು ಎಣಿಸಲಾಗದು.

ಹೆಸರಿನ ವಿಚಾರವೂ ಇಂಥದೇ. 'ಶಿವಾಲಿಕ್' ಎಂದರೆ ಶಿವನ ಜಡೆ. ಗಂಗೆಯನ್ನು ತಡೆದ ಜಡೆ ಈ ಬೆಟ್ಟಸಾಲೇ ಎಂಬ ವಿವರಣೆ ಬಹು ಪ್ರಚಲಿತ. 'ಸವಾಲಖ್' ಅಥವಾ 'ಸಪಾದಲಕ್ಷ' ಎಂಬ, 'ಒಂದೂಕಾಲು ಲಕ್ಷ' ಎಂಬರ್ಥದ ಪ್ರದೇಶನಾಮದಿಂದ ಈ ಹೆಸರು ಬಂದಿರಬೇಕೆಂಬ ಇನ್ನೊಂದು ನಿರ್ವಚನವೂ ವಿದ್ವಾಂಸರಲ್ಲಿ ಉಂಟು. ಜನನಿರುಕ್ತಿಯು ಜಾನಪದಕ್ಕೆ ಅಮೂಲ್ಯ ಆಕರ. ಜನ ತಮ್ಮ ನೆಲವನ್ನು ಯಾವ ಕಥೆಯೊಳಗೆ ಇರಿಸಿಕೊಂಡರೆಂದು ಅದು ತಿಳಿಸುತ್ತದೆ. ಬೆಟ್ಟ ಹೇಗೆ ಎದ್ದಿತೆಂಬುದಕ್ಕೆ ಅದು ಸಾಕ್ಷಿಯಲ್ಲ.

೫

ಕನ್ನಡ ನಾಡಿನ ದೇವರಮನೆಗಳಿಗೆ ನೇರ ಸಂಬಂಧವಿರುವ ವಸ್ತುವೊಂದು ಈ ಚರ್ಚೆಯಲ್ಲಿ ವಿಶೇಷ ಸ್ಥಾನ ಪಡೆಯುತ್ತದೆ. ಉಡುಪಿಯ ಮಠಗಳಿಂದ ಹಿಡಿದು ಬಯಲುಸೀಮೆಯ ವೈದಿಕ ಮನೆಗಳವರೆಗೆ ಪೂಜೆಗೊಳ್ಳುವ ಸಾಲಿಗ್ರಾಮಗಳು ನೇಪಾಳದ ಗಂಡಕೀ ನದಿಯಿಂದ ಬಂದವು. ಅವುಗಳಲ್ಲಿ ಬಹುಪಾಲು ಟೆಥಿಸ್ ಸಮುದ್ರದಲ್ಲಿ ಹತ್ತಾರು ಕೋಟಿ ವರ್ಷಗಳ ಹಿಂದೆ ಬಾಳಿದ ಅಮೊನೈಟ್ ಎಂಬ ಚಿಪ್ಪುಜೀವಿಗಳ ಪಳೆಯುಳಿಕೆಗಳು. ಕಡಲ ತಳದ ಪದರ ಪರ್ವತವಾಗಿ ಎದ್ದಿತು. ಕಾಳಿಗಂಡಕೀ ಆ ಪದರವನ್ನು ಕೊರೆಯಿತು. ಉರುಳಿ ನುಣುಪಾದ ಕಲ್ಲು ಬಯಲಿನ ಕಡೆಗೆ ಇಳಿಯಿತು. ಪರ್ವತದ ಏಳಿಗೆ ಮತ್ತು ಮೆಕ್ಕಲಿನ ಇಳಿತ ಎರಡೂ ಅಂಗೈಯಗಲದ ಒಂದು ಕಲ್ಲಿನಲ್ಲಿವೆ.

ಕಲ್ಲಿನೊಳಗಣ ಚಕ್ರವನ್ನು ವಜ್ರಕೀಟವೆಂಬ ಹುಳು ಕೊರೆದದ್ದೆಂದು ಸಾಂಪ್ರದಾಯಿಕ ಕಥೆ ಹೇಳುತ್ತದೆ. ಆ ಗೆರೆ ಜೀವಿಯೊಂದರಿಂದ ಆದದ್ದು ಎಂಬ ಗ್ರಹಿಕೆ ಅಲ್ಲಿದೆ ಎಂಬುದು ನಿಜ. ಇದನ್ನೇ 'ಪ್ರಾಚೀನ ಪಳೆಯುಳಿಕೆ ವಿಜ್ಞಾನ' ಎಂದು ಕರೆಯುವ ಆತುರ ಸಲ್ಲದು. ಕಥೆಗೆ ಕಡಲಿನ ಸುಳಿವಿಲ್ಲ, ಜೀವಿಯೇ ಕಲ್ಲಾದದ್ದರ ಕಲ್ಪನೆಯಿಲ್ಲ. ಆದರೆ ಕಥೆಗಿಂತ ಗಮನಾರ್ಹವಾದುದು ಬಳಕೆ. ಚಕ್ರಗಳ ಸಂಖ್ಯೆ, ಬಾಯಿಯ ಆಕಾರ, ಬಣ್ಣ, ನುಣುಪುಗಳನ್ನು ನೋಡಿ ಲಕ್ಷ್ಮೀನಾರಾಯಣ, ನರಸಿಂಹ, ದಾಮೋದರ ಮುಂತಾಗಿ ಹೆಸರಿಸುವ ವಿವರವಾದ ಲಕ್ಷಣಕ್ರಮ ಬೆಳೆದಿದೆ. ಕಲ್ಲು ಗಂಡಕೀ ನದಿಯದೇ ಆಗಿರಬೇಕೆಂಬ ಕಟ್ಟಳೆಯಿದೆ. ಯಾವ ಕಲ್ಲನ್ನು ಯಾವ ನದಿ ತರುತ್ತದೆ ಎಂಬ ಖಚಿತ ತಿಳಿವು ಕೈಯಲ್ಲಿ ಹಿಡಿದು ನೋಡುವವರ ವಿವೇಕದಲ್ಲಿ ನೆಲೆಗೊಂಡಿತ್ತು. ಪುರಾಣದ ಕಥೆ ಅದಕ್ಕೆ ಹೊದಿಕೆ.

೬

ಕರ್ನಾಟಕದ ಕರಾವಳಿಯ ಪರಶುರಾಮ ಕ್ಷೇತ್ರದ ಐತಿಹ್ಯವನ್ನು ಹಿಮಾಲಯದ ಕಥೆಗಳ ಜೊತೆಗೇ ಭೂಸ್ಮೃತಿಯೆಂದು ಉಲ್ಲೇಖಿಸುವುದರಿಂದ ಅದನ್ನೂ ಇಲ್ಲಿ ಪರಿಶೀಲಿಸಬೇಕು. ಸುಮಾರು ೧,೬೦೦ ಕಿಲೋಮೀಟರು ಉದ್ದದ ಪಶ್ಚಿಮಘಟ್ಟವು ಹಿಮಾಲಯದಂತೆ ಮಡಿಕೆಯ ಪರ್ವತವಲ್ಲ. ಮಡಗಾಸ್ಕರ್ ಮತ್ತು ಆಮೇಲೆ ಸೆಷೆಲ್ಸ್ ಭೂಭಾಗಗಳು ಬೇರ್ಪಟ್ಟು ಹೋದ ಬಳಿಕ ಉಳಿದ ಅಂಚು ಸವೆದು ಆದ ಕಡಿದಾದ ಗೋಡೆ ಅದು. ಆದ್ದರಿಂದ ಅದರ ಮುಂದೆ ಗಂಗಾ ಬಯಲಿನಂಥ ಬಾಗಿದ ತಗ್ಗೂ ಇಲ್ಲ. ಪಡುವಣಕ್ಕೆ ಹರಿಯುವ ಹೊಳೆಗಳು ಗಿಡ್ಡ. ಕೃಷ್ಣೆ, ಕಾವೇರಿಗಳು ಪಡುಗಡಲಿನ ಸಮೀಪವೇ ಹುಟ್ಟಿದರೂ ತಮ್ಮ ಮೆಕ್ಕಲನ್ನು ಮೂಡಣ ಕಡಲಿಗೆ ಒಯ್ಯುತ್ತವೆ.

ಕೊಡಲಿ ಬಿದ್ದಲ್ಲಿಯವರೆಗೆ ಕಡಲು ಹಿಂದೆ ಸರಿಯಿತು ಎಂಬ ಕಥೆಯನ್ನು ಕರಾವಳಿ ಮೇಲೆದ್ದ ನೆನಪೆಂದು ಓದುವವರು ಅಲ್ಲಿನ ಬಂಡೆಗಳನ್ನು ಗಮನಿಸಿದಂತಿಲ್ಲ. ಅಳಿವೆಗಳ ಮರಳು, ಮೆಕ್ಕಲುಗಳ ಕಿರಿದಾದ ಪಟ್ಟಿಯನ್ನು ಬಿಟ್ಟರೆ ಕರಾವಳಿಯ ಬಹುಭಾಗ ಭೂಮಿಯ ಅತ್ಯಂತ ಹಳೆಯ ಶಿಲೆಗಳ ಮೇಲೆ ನಿಂತಿದೆ. ೧೮೭೭ರಲ್ಲಿ ಗೆರ್ಸನ್ ಡ ಕುನ್ಹಾ ಸಂಪಾದಿಸಿದ 'ಸಹ್ಯಾದ್ರಿಖಂಡ'ವನ್ನು ಓದಿದರೆ ಕಥೆಯ ಕಾಳಜಿ ಬೇರೆಯೇ ಎಂಬುದು ಸ್ಪಷ್ಟವಾಗುತ್ತದೆ. ಹೊಸ ನೆಲದಲ್ಲಿ ಯಾರನ್ನು ತಂದು ನೆಲೆಗೊಳಿಸಲಾಯಿತು, ಯಾರಿಗೆ ಯಾವ ಸ್ಥಾನ ಎಂಬುದು ಅಲ್ಲಿ ಮುಖ್ಯ. ಪುರಾಣವು ಸಮಾಜವ್ಯವಸ್ಥೆಯ ಸನ್ನದು ಎಂಬ, ೧೯೨೬ರಲ್ಲಿ ಮಾಲಿನೋವ್‌ಸ್ಕಿ ಮಂಡಿಸಿದ ವಿವರಣೆಗೆ ಇದು ಒಳ್ಳೆಯ ನಿದರ್ಶನ. ಇದನ್ನು ಭೂಸ್ಮೃತಿಯೆಂದು ಓದಿದಾಗ ನೆಲದ ಹಕ್ಕಿನ ಪ್ರಶ್ನೆ ಸದ್ದಿಲ್ಲದೆ ಮರೆಯಾಗುತ್ತದೆ. ಭೂಪುರಾಣ ವ್ಯಾಖ್ಯಾನವನ್ನು ನಿರಪಾಯಕಾರಿ ವಿನೋದವೆಂದು ತಳ್ಳಿಹಾಕಲಾಗದಿರುವುದಕ್ಕೆ ಇದು ಒಂದು ಕಾರಣ.

೭

ಇನ್ನೊಂದು ಕಾರಣ ಇದಕ್ಕಿಂತ ಗಂಭೀರವಾದದ್ದು. ಅದಕ್ಕಾಗಿ ಮತ್ತೆ ಹಿಮಾಲಯದ ಪಾದಕ್ಕೆ ಹೋಗಬೇಕು. ಪರ್ವತದಿಂದ ಹೊರಬಿದ್ದ ನದಿ ಮೊದಲು ದಪ್ಪ ಕಲ್ಲುಗಳನ್ನು, ಆಮೇಲೆ ಮರಳನ್ನು, ಕೊನೆಗೆ ನುಣ್ಣನೆಯ ಕೆಸರನ್ನು ಇಳಿಸುತ್ತದೆ. ಈ ವಿಂಗಡಣೆಯನ್ನು ಅಲ್ಲಿಯ ಜನ ಹೆಸರಿಟ್ಟು ಗುರುತಿಸಿದ್ದರು. ನೀರು ಕಲ್ಲುಗಳ ನಡುವೆ ಇಂಗಿಹೋಗುವ ಒಣ ಪಟ್ಟಿ 'ಭಾಬರ್'. ಇಂಗಿದ ನೀರು ಮತ್ತೆ ಜಿನುಗಿ ಜವುಗಾಗುವ ಪಟ್ಟಿ 'ತರಾಯಿ'. ಪ್ರವಾಹ ಮುಟ್ಟದ, ಸುಣ್ಣದ ಗಂಟುಗಳಿರುವ ಹಳೆಯ ಮೆಕ್ಕಲು 'ಭಾಂಗರ್'. ಪ್ರವಾಹ ಮತ್ತೆ ಮತ್ತೆ ಹೊಸದು ಮಾಡುವ ಮೆಕ್ಕಲು 'ಖಾದರ್'. ಬಿಹಾರದ ರೈತರ ಮಾತಿನಲ್ಲಿ ಹೊಳೆ ಎತ್ತಿದ ನೆಲ 'ದಿಯಾರಾ', ನೀರು ನಿಲ್ಲುವ ತಗ್ಗು 'ಚೌರ್', ಹೊಳೆ ಬಿಟ್ಟುಹೋದ ತಿರುವಿನ ಕೆರೆ 'ಮಾನ್', ಕವಲು 'ಧಾರ್'. ಬಂಗಾಳದಲ್ಲಿ ನದಿಯೊಳಗೆ ಎದ್ದ ದಿಬ್ಬ 'ಚರ್'.

ಭೂವಿಜ್ಞಾನವು ಭಾಬರ್, ತರಾಯಿ, ಭಾಂಗರ್, ಖಾದರ್ ಪದಗಳನ್ನು ತನ್ನ ಪಾರಿಭಾಷಿಕಗಳಾಗಿ ಸ್ವೀಕರಿಸಿತು ಎಂಬುದು ಅರ್ಥಪೂರ್ಣ. ಭಗೀರಥನ ಕಥೆಯಿಂದ ಅದು ಒಂದು ಪದವನ್ನೂ ಪಡೆಯಲಿಲ್ಲ. ಪರ್ವತದ ಏಳಿಗೆಯನ್ನು ಜನ ಕಂಡಿರಲಿಲ್ಲ. ಅದರ ಪರಿಣಾಮದೊಳಗೆ ಬಾಳುತ್ತಿದ್ದರು. ಹಳೆಯ ಮೆಕ್ಕಲು ಯಾವುದು, ಹೊಸದು ಯಾವುದು, ಹೊಳೆ ಎಲ್ಲಿ ನೆಲ ಎತ್ತುತ್ತದೆ, ಎಲ್ಲಿ ಬಿಟ್ಟುಹೋಗುತ್ತದೆ ಎಂಬುದನ್ನು ತಿಳಿಯದೆ ಅಲ್ಲಿ ಬೆಳೆ ತೆಗೆಯುವುದು ಸಾಧ್ಯವಿರಲಿಲ್ಲ. ೧೮೮೫ರಲ್ಲಿ ಪ್ರಕಟವಾದ ಜಾರ್ಜ್ ಗ್ರಿಯರ್ಸನ್‌ರ 'ಬಿಹಾರ್ ಪೆಸೆಂಟ್ ಲೈಫ್' ಗ್ರಂಥವು ನೇಗಿಲು, ಗಾಡಿ, ಬಾವಿಗಳ ಜೊತೆಗೆ ಮಣ್ಣಿನ ಬಗೆಗಳ ಹೆಸರುಗಳನ್ನೂ ದಾಖಲಿಸಿತು. ಆಡಳಿತದ ಅನುಕೂಲಕ್ಕಾಗಿ ರಚಿತವಾದ ಈ ಪದಸಂಗ್ರಹ, ಗಂಗಾ ಬಯಲಿನ ಭೂಜ್ಞಾನದ ಆಕರವಾಗಿ ಎಷ್ಟೋ ಪುರಾಣ ವ್ಯಾಖ್ಯಾನಗಳಿಗಿಂತ ಮೌಲಿಕವಾದದ್ದು.

ಜಾನಪದ ವಿದ್ವಾಂಸರು ಅದನ್ನು ಮುಂದುವರಿಸಿದ್ದು ಕಡಿಮೆ. ಮಿಥಿಲೆಯ ಕೋಸಿ ನದಿಯ ಹಾಡುಗಳನ್ನು ಸಂಗ್ರಹಿಸಿದವರು ಅವುಗಳಲ್ಲಿ ಭಕ್ತಿಯನ್ನೂ ಭಯವನ್ನೂ ಕಂಡರು. ಕೋಸಿ ಅಲ್ಲಿ 'ಮೈಯಾ', ಅಂದರೆ ತಾಯಿ. ಮದುವೆಯ ಕಟ್ಟಿಗೆ ಒಳಪಡದ ಕನ್ಯೆಯೂ ಹೌದು. ಇದು ಸೊಗಸಾದ ಪ್ರತೀಕ. ಆದರೆ ಹಾಡಿದ ಜನರೇ ಹೊಳೆಯ ಹಳೆಯ ಧಾರೆಗಳ ಹೆಸರುಗಳನ್ನು, ಯಾವ ಹೂಳಿನ ಮೇಲೆ ಯಾವ ಭತ್ತ ಎಂಬುದನ್ನು ಬಲ್ಲವರಾಗಿದ್ದರು. ಹಾಡು ಸಂಕಲನಕ್ಕೆ ಸೇರಿತು, ಮಾತು ಹೊರಗುಳಿಯಿತು.

ಕೋಸಿ ಎಂಥ ನದಿಯೆಂಬುದನ್ನು ನೆನೆದರೆ ಈ ನಷ್ಟ ಅರ್ಥವಾದೀತು. ಎವರೆಸ್ಟ್, ಕಾಂಚನಜುಂಗಾಗಳ ಸುತ್ತಣ ಇಳಿಜಾರುಗಳನ್ನು ಕೊರೆದು ಬರುವ ಅದು ಬಯಲಿಗೆ ಇಳಿದೊಡನೆ ಅಪಾರ ಮೆಕ್ಕಲನ್ನು ಕೆಡಹುತ್ತದೆ. ತನ್ನ ಪಾತ್ರವನ್ನು ತಾನೇ ಎತ್ತರಿಸಿಕೊಂಡು ಪಕ್ಕದ ತಗ್ಗಿಗೆ ಜಾರುತ್ತದೆ. ಹದಿನೆಂಟನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಅದು ಸುಮಾರು ನೂರು ಕಿಲೋಮೀಟರಿಗೂ ಹೆಚ್ಚು ಪಡುವಣಕ್ಕೆ ಸರಿಯಿತೆಂದು ಹಳೆಯ ನಕ್ಷೆಗಳಿಂದ ಗುರುತಿಸಲಾಗಿತ್ತು. ಅದು ಒಂದೇ ದಿಕ್ಕಿನ ಸರಿತವೋ ಅತ್ತಿತ್ತಣ ಓಲಾಟವೋ ಎಂಬ ಚರ್ಚೆ ಆಮೇಲೆ ನಡೆದಿದೆ. ೧೯೫೪ರ ಭಾರತ–ನೇಪಾಳ ಒಪ್ಪಂದದ ಬಳಿಕ ನದಿಯ ಎರಡೂ ಬದಿಗೆ ಒಡ್ಡುಗಳನ್ನು ಕಟ್ಟಲಾಯಿತು. ನೀರನ್ನು ಲೆಕ್ಕಹಾಕಿದ ಯೋಜನೆ ಮೆಕ್ಕಲನ್ನು ಬದಿಗಿಟ್ಟಿತು. ಒಡ್ಡುಗಳ ನಡುವೆ ಮುನ್ನೂರಕ್ಕೂ ಹೆಚ್ಚು ಹಳ್ಳಿಗಳು ಸಿಲುಕಿದವು. ಹೂಳು ಹರಡಲು ಜಾಗವಿಲ್ಲದೆ ಒಳಗೇ ಬಿದ್ದು ನದಿಯ ತಳ ಸುತ್ತಣ ನೆಲಕ್ಕಿಂತ ಎತ್ತರವಾಯಿತು. ೨೦೦೮ರ ಆಗಸ್ಟ್ ೧೮ರಂದು ನೇಪಾಳದ ಕುಸಹಾ ಬಳಿ ಒಡ್ಡು ಒಡೆದಾಗ ಕೋಸಿ ಮೂಡಣಕ್ಕೆ ಹೊರಳಿ ತನ್ನ ಹಳೆಯ ಧಾರೆಗಳ ಜಾಡಿನಲ್ಲಿ ಹರಿಯಿತು. ಬಿಹಾರದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಸಂತ್ರಸ್ತರಾದರು.

ಎಂಜಿನಿಯರ್ ದಿನೇಶ್ ಕುಮಾರ್ ಮಿಶ್ರ ೨೦೦೬ರಲ್ಲಿ ಪ್ರಕಟಿಸಿದ ಹಿಂದಿ ಗ್ರಂಥ 'ದುಯಿ ಪಾಟನ್ ಕೆ ಬೀಚ್ ಮೇಂ' ಕೋಸಿ ಒಡ್ಡುಗಳ ಈ ಚರಿತ್ರೆಯನ್ನು ವಿಸ್ತಾರವಾಗಿ ನಿರೂಪಿಸುತ್ತದೆ. ನದಿ ದಂಡೆಯವರ ಅನುಭವಕ್ಕೆ ಸಾಕ್ಷ್ಯದ ಸ್ಥಾನ ಕೊಡುವ ಕೆಲಸವನ್ನು ಇಲ್ಲಿ ಮಾಡಿದವರು ಜಾನಪದ ವಿಭಾಗದವರಲ್ಲ, ಒಬ್ಬ ಎಂಜಿನಿಯರ್. ಈ ಸಂಗತಿ ಶಿಸ್ತಿನ ಆತ್ಮಪರೀಕ್ಷೆಗೆ ಸಾಕು. ಜನರ ಮಾತನ್ನು ದಾಖಲಿಸಿದ್ದರೆ ಒಡ್ಡು ನಿಂತುಬಿಡುತ್ತಿತ್ತು ಎಂದಲ್ಲ. ಆದರೆ ಹೂಳನ್ನು ಕುರಿತ ಜ್ಞಾನ ಆ ನೆಲದಲ್ಲಿ ಇರಲೇ ಇಲ್ಲ ಎಂದು ಹೇಳುವುದು ಯಾರಿಗೂ ಸಾಧ್ಯವಾಗುತ್ತಿರಲಿಲ್ಲ.

೮

ಕನ್ನಡದಲ್ಲಿ 'ಹೂಳು' ಎಂಬುದು ನೀರಿನ ತಳದಲ್ಲಿ ನಿಂತ ಕೆಸರಿಗೂ ಹೆಸರು, ಮಣ್ಣು ಮಾಡುವ ಕ್ರಿಯೆಗೂ ಹೆಸರು. ಕೆರೆಯನ್ನೂ ಅಣೆಕಟ್ಟನ್ನೂ ನಂಬಿದ ನಾಡಿಗೆ ಹೂಳೆಂದರೆ ಮುಚ್ಚಿಹಾಕುವ ವಸ್ತು. ಆರಂಭದಲ್ಲಿ ೧೩೩ ಟಿಎಂಸಿ ಅಡಿ ಎಂದು ಗಣಿಸಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು ೧೦೫ಕ್ಕೆ ಇಳಿದಿರುವುದು ಈ ಅರ್ಥವನ್ನೇ ಗಟ್ಟಿಮಾಡುತ್ತದೆ. ಕರಾವಳಿಯ ಕನ್ನಡ, ತುಳು ಭಾಷೆಗಳಲ್ಲಿ ಅದೇ ವಸ್ತುವಿಗೆ ಇನ್ನೊಂದು ಬಾಳು ಉಂಟು: ಹೊಳೆಯ ನಡುವೆ ಎದ್ದು ತೆಂಗು, ಮನೆ, ದೈವಸ್ಥಾನಗಳಿಗೆ ಇಂಬಾದ 'ಕುದ್ರು', ಅಳಿವೆಯ ಉಪ್ಪುನೀರಿನ ಗದ್ದೆಯಾದ 'ಗಜನಿ'. ಬಂಗಾಳದ 'ಚರ್' ಎಂಬ ಮಾತಿನ ಅರ್ಥ ಕುದ್ರುವಿನಲ್ಲಿ ಬಾಳಿದವರಿಗೆ ವಿವರಿಸಬೇಕಾಗಿಲ್ಲ.

ಭೂಪುರಾಣ ಅಧ್ಯಯನವನ್ನು ತೊರೆಯಬೇಕೆಂಬುದು ಈ ವಿಮರ್ಶೆಯ ಆಶಯವಲ್ಲ. ಅದರ ಮಿತಿಯನ್ನು ವಿಟಾಲಿಯಾನೊ ತಾವೇ ಹಾಕಿದ ಗೆರೆಯಲ್ಲಿ ಗುರುತಿಸಬಹುದು: ಮನುಷ್ಯರು ಕಂಡ ಘಟನೆ, ಅವರ ಕೈಗೆ ಸಿಕ್ಕ ವಸ್ತು, ಹೇಳಿದ ಸಂದರ್ಭ ಈ ಮೂರರಲ್ಲಿ ಒಂದಾದರೂ ಇಲ್ಲದೆಡೆ ಕಥೆಯನ್ನು ಕಥೆಯಾಗಿಯೇ ಓದುವುದು ಲೇಸು. ಭಗೀರಥನ ಕಥೆಗೆ ತನ್ನದೇ ಘನತೆಯಿದೆ. ಭೂಫಲಕದ ಪ್ರಮಾಣಪತ್ರ ಅದಕ್ಕೆ ಬೇಕಿಲ್ಲ. ಮಣ್ಣಿನ ಮಾತುಗಳ ಸ್ಥಿತಿ ಬೇರೆ. ಗಂಗಾಸಾಗರದಲ್ಲಿ ಕಪಿಲನ ಗುಡಿ ಕಡಲಕೊರೆತಕ್ಕೆ ಸಿಕ್ಕಿ ಹಲವು ಬಾರಿ ಜಾಗ ಬದಲಿಸಿದರೂ ಕಥೆ ಉಳಿದಿದೆ, ಮುಂದೆಯೂ ಉಳಿದೀತು. ದಿಯಾರಾ, ಮಾನ್, ಕುದ್ರು, ಗಜನಿಗಳನ್ನು ಬಲ್ಲ ಮಾತುಗಾರರು ಉಳುಮೆ ಬಿಟ್ಟು ಪಟ್ಟಣ ಸೇರಿದರೆ ಆ ಪದಗಳಿಗೆ ಗುಡಿಯೂ ಇಲ್ಲ, ಜಾತ್ರೆಯೂ ಇಲ್ಲ. ೧೯೬೨ರಲ್ಲಿ ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ಬೇಸಾಯದ ವೃತ್ತಿಪದಕೋಶವನ್ನು ಹೊರತಂದ ಮಾದರಿ ಕಣ್ಣಮುಂದಿದೆ. ನದಿಪಾತ್ರ, ಅಳಿವೆ, ಕೆರೆಯಂಗಳಗಳ ಹೂಳು–ಮಣ್ಣಿನ ಪದಗಳನ್ನು ಆಡುವವರ ವಿವರಣೆಯೊಡನೆ, ಸ್ಥಳನಕ್ಷೆಯೊಡನೆ ಸಂಗ್ರಹಿಸುವ ಕೆಲಸವು ಹಾಡು, ಕಥೆಗಳ ಸಂಗ್ರಹಕ್ಕೆ ಸಮನಾದ ಜಾನಪದ ಕಾರ್ಯವೆಂದು ಮಾನ್ಯವಾಗಬೇಕಾದ ಕಾಲ ಇದು.